ತಣ್ಣಗೆ ಮಲಗಿದ್ದ ಮೂವರು

ಮದುವೆಯಾಗಿ ಆರು ವರ್ಷ ಕಳೆದ ಮೇಲೆ ನಾನು ಒಂದು ನೂರು ಪುಟದ ನೋಟ್‌ಬುಕ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದು ಒಂದು ಕೋಷ್ಟಕ ಬರೆದೆ. ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಏಕದಳ, ದ್ವಿದಳ ಸಸ್ಯಗಳ ವ್ಯತ್ಯಾಸವನ್ನು ಎರಡು ಕಾಲಂ ಮಾಡಿ ಬರೆಸಿ ಬರೆಸಿ ಕೈಗೆ ಅದೇ ಅಭ್ಯಾಸ. ಮೊದಲ ಕಾಲಂ ಐಯುಐ. ಗಂಡನ ವೀರ್ಯವನ್ನು ತೊಳೆದು, ಚುರುಕಾಗಿ ಓಡುವ ವೀರ್ಯಾಣುಗಳನ್ನಷ್ಟೇ ಉಳಿಸಿಕೊಂಡು, ತೆಳ್ಳಗಿನ ನಳಿಕೆಯಲ್ಲಿ ನೇರ ಗರ್ಭಕೋಶಕ್ಕೆ ಬಿಡುವುದು. ಹತ್ತು ನಿಮಿಷದ ಕೆಲಸ, ನೋವು ಕಡಿಮೆ, ಫಲ ಸಿಗುವ ಸಂಭವವೂ ಕಡಿಮೆ. ಎರಡನೆಯದು ಐವಿಎಫ್. ಹತ್ತು ಹನ್ನೆರಡು ದಿನ ಹೊಟ್ಟೆಗೆ ಸೂಜಿ, ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳ ಜೊತೆ ಬಿಡುವುದು. ಮೂರನೆಯದು ಇಕ್ಸಿ. ಅದೂ ಐವಿಎಫ್‌ನ ದಾರಿಯೇ. ಆದರೆ ತಾನಾಗಿ ಒಳಹೋಗಲಾರದ ವೀರ್ಯಾಣುವನ್ನು ಒಂದೊಂದಾಗಿ ಹಿಡಿದು ಅಂಡಾಣುವಿನೊಳಗೆ ಚುಚ್ಚುತ್ತಾರೆ. ನಾಲ್ಕನೆಯ ಕಾಲಂಗೆ ‘ದಾನಿ’ ಎಂದು ತಲೆಬರಹ ಕೊಟ್ಟು, ಕೆಳಗೆ ಏನೂ ಬರೆಯದೆ ಬಿಟ್ಟೆ.

ಕೊರತೆ ನನ್ನ ಗಂಡನದು. ಎಣಿಕೆಯೂ ಕಡಿಮೆ, ಇದ್ದವುಗಳಿಗೆ ಓಟವೂ ಕಡಿಮೆ. ಇದನ್ನು ಅವರು ಮುಚ್ಚಿಡಲಿಲ್ಲ. ರಿಪೋರ್ಟು ಬಂದ ವಾರವೇ ತಾಯಿಯ ಎದುರು ಕೂತು ಹೇಳಿದರು. ಅಷ್ಟು ದಿನ ನನ್ನನ್ನೇ ಓರೆಗಣ್ಣಿಂದ ನೋಡುತ್ತಿದ್ದ ನನ್ನ ಅತ್ತೆ, “ಆ ಗಾಜಿನ ಹಲಗೆಗಳ ಮಧ್ಯೆ ಬಿಸ್ಲಾಗೆ ನಿಂತು ನಿಂತು ಹಿಂಗಾಗೈತೆ ಬುಡು” ಎಂದರು. ಅವರು ಹೇಳಿದ ಹಲಗೆಗಳು ಪಾವಗಡದ ವಳ್ಳೂರಿನ ಸೋಲಾರ್ ಪಾರ್ಕಿನವು. ನನ್ನ ಗಂಡ ಅಲ್ಲಿ ಟೆಕ್ನಿಷಿಯನ್. ವಾರವೆಲ್ಲ ಅಲ್ಲೇ ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆ ಮಧುಗಿರಿಗೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಮೂರು ಸಲ ಐಯುಐ ಆಯಿತು, ಮೂರು ಸಲವೂ ಹದಿನಾಲ್ಕನೆಯ ದಿನ ಹೊಟ್ಟೆ ನೋವು ಬಂದು ಎಲ್ಲ ಮುಗಿಯಿತು. ಶಿರಾದಿಂದ ಬರುವ ನಮ್ಮ ಉರ್ದು ಮಿಸ್ಸು ದರ್ಗಾದ ತಾಯತ ತಂದುಕೊಟ್ಟರು. ಅತ್ತೆ ಶುಕ್ರವಾರ ಶುಕ್ರವಾರ ಬಸ್ಸು ಹತ್ತಿ ಗೊರವನಹಳ್ಳಿಗೆ ಹೋಗಿ ಕುಂಕುಮ ತಂದರು. ನಾನು ಎರಡನ್ನೂ ಬೇಡವೆನ್ನಲಿಲ್ಲ. ನನ್ನ ಕೋಷ್ಟಕದಲ್ಲಿ ಅವಕ್ಕೆ ಕಾಲಂ ಇರಲಿಲ್ಲ, ಅಷ್ಟೇ.

ತುಮಕೂರಿನ ಡಾಕ್ಟರಮ್ಮ ಕೊನೆಗೆ ಎರಡು ದಾರಿ ಮುಂದಿಟ್ಟರು. ಇಕ್ಸಿ ಮಾಡಿಸಿದರೆ ಮಗು ಇಬ್ಬರದೂ. ಆದರೆ ಸೂಜಿ, ಸುಸ್ತು, ಸೋಲಿನ ಭಯ ಎಲ್ಲ ಹೆಚ್ಚು. ದಾನಿಯ ವೀರ್ಯ ತೆಗೆದುಕೊಂಡರೆ ಐಯುಐನಲ್ಲೇ ಆಗಬಹುದು, ದೇಹಕ್ಕೆ ಹಗುರ. ದಾನಿ ಯಾರೆಂದು ಮಾತ್ರ ನಮಗೆ ಎಂದೂ ತಿಳಿಯುವುದಿಲ್ಲ. ಇದನ್ನು ಮಾತಾಡಲು ಒಂದು ರಜೆಯ ದಿನ ನಾನೇ ವಳ್ಳೂರಿಗೆ ಹೋದೆ. ಮಟಮಟ ಮಧ್ಯಾಹ್ನ. ಕಣ್ಣು ಹಾಯುವಷ್ಟು ದೂರ ಸಾಲು ಸಾಲು ನೀಲಿ ಹಲಗೆಗಳು, ಒಂದೂ ಮರವಿಲ್ಲ, ಕಾಗೆಯೂ ಕೂಗುವುದಿಲ್ಲ. ಎಲ್ಲಿಂದಲೋ ಒಂದು ಸಣ್ಣ ಗುಂಯ್ ಎನ್ನುವ ಸದ್ದು ಮಾತ್ರ ಬಿಡದೆ ಬರುತ್ತಿತ್ತು. ಅಷ್ಟು ಹಲಗೆಗಳೂ ಒಂದೇ ಕಡೆ ಮುಖ ಮಾಡಿ ಯಾರನ್ನೋ ಕಾಯುತ್ತಿವೆ ಅನ್ನಿಸಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

“ನೀನು ಹೆಂಗ್ ಹೇಳಿದ್ರೆ ಹಂಗೆ” ಎಂದರು ನನ್ನ ಗಂಡ, ನೆಲ ನೋಡುತ್ತಾ.

“ನಾಳೆ ಬಸ್ಸಲ್ಲಿ ಎದುರಿಗೆ ಕೂತೋರ ಮುಖ ನೋಡಿ, ಇವನಿರಬಹುದಾ ಅಂತ ಜೀವನ ಪೂರ್ತಿ ಹುಡುಕ್ತಾ ಇರೋಕೆ ನನ್ನ ಕೈಲಾಗಲ್ಲ” ಎಂದೆ. ಅಂಥ ದಾರಿಯಲ್ಲಿ ಹೋಗಿ ಚೆನ್ನಾಗಿ ಬಾಳುತ್ತಿರುವವರನ್ನು ನಾನು ಬಲ್ಲೆ, ಅವರ ಬಗ್ಗೆ ಗೌರವವಿದೆ. ನನ್ನ ಸ್ವಭಾವಕ್ಕೆ ಅದು ಒಗ್ಗದು, ನನ್ನದು ಹುಡುಕುವ ಸ್ವಭಾವ. ಗಂಡನ ಮುಖ ಹಗುರಾಯಿತು. ಇಕ್ಸಿ ಎಂದು ತೀರ್ಮಾನವಾಯಿತು.

ಸೂಜಿಗಳನ್ನು ನಾನೇ ಚುಚ್ಚಿಕೊಂಡೆ, ಹೊಟ್ಟೆಯ ಎಡಕ್ಕೊಂದು ದಿನ, ಬಲಕ್ಕೊಂದು ದಿನ. ಹನ್ನೊಂದು ಅಂಡಾಣು ಸಿಕ್ಕವು. ಐದನೆಯ ದಿನಕ್ಕೆ ಬೆಳೆದು ಉಳಿದವು ಮೂರು. ನನ್ನ ಹೊಟ್ಟೆ ಊದಿಕೊಂಡಿದ್ದರಿಂದ ಕೂಡಲೇ ಒಳಗೆ ಬಿಡುವುದು ಬೇಡ, ಘನೀಕರಿಸಿ ಇಡೋಣ ಎಂದರು. ಲ್ಯಾಬಿನ ಹುಡುಗಿ ಗಾಜಿನಾಚೆಯಿಂದ ತೋರಿಸಿದಳು: ಹಾಲಿನ ಕ್ಯಾನಿನಂಥ ಒಂದು ಪಾತ್ರೆ. ಮುಚ್ಚಳ ತೆಗೆದಾಗ ಬಿಳಿ ಹೊಗೆ ಮೇಲೇಳದೆ ಕೆಳಕ್ಕೆ ಹರಿದು ನೆಲದ ಮೇಲೆ ತೆವಳಿತು. ಸ್ಟ್ರಾ ಎಂದು ಅವರು ಕರೆಯುವ ಸಣ್ಣ ಕೊಳವೆ ಒಂದೊಂದರಲ್ಲೂ ಒಂದೊಂದು ಭ್ರೂಣ. ಅದರ ಮೇಲೆ ನನ್ನ ಹೆಸರು, ಒಂದು ನಂಬರು. ಅಲ್ಲಿ ಅವು ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ ಎಂದಳು.

ಇದನ್ನೆಲ್ಲ ಮನೆಗೆ ಬಂದು ಅತ್ತೆಗೆ ಪಾಠದಂತೆ ವಿವರಿಸಿದ್ದು ನನ್ನ ತಪ್ಪು. ಅವರು ಗಮನವಿಟ್ಟು ಕೇಳಿದರು. ಎಷ್ಟು ಎಂದರು. ಮೂರು ಎಂದೆ.

ನಮ್ಮ ಕಡೆ ಮಗುವಿಗೆ ಹೆಸರಿಡುವ ದಿನ ಮೊದಲು ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಒಂದು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಅದನ್ನು ಮೊದಲು ಮಲಗಿಸಿ ತೂಗುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆಮೇಲೆ ಮಗು ತೊಟ್ಟಿಲಿಗೆ ಬಂದು, ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು. ಒಂದು ಸಂಜೆ ಶಾಲೆಯಿಂದ ಬಂದಾಗ ನಡುಮನೆಯಲ್ಲಿ ಸೀರೆಯ ಜೋಲಿ ಕಟ್ಟಿತ್ತು. ಅತ್ತೆ ಒಬ್ಬರೇ ಅದನ್ನು ತೂಗುತ್ತಿದ್ದರು. ಒಳಗೆ ಜಯಮಂಗಲಿ ಹೊಳೆಯಿಂದ ಆರಿಸಿ ತಂದ ಮೂರು ನುಣ್ಣನೆಯ ಕಲ್ಲುಗಳು. ಎಣ್ಣೆ ಹಚ್ಚಿತ್ತು, ಹಣೆಯಿರಬೇಕಾದ ಕಡೆ ಕಾಡಿಗೆಯ ಬೊಟ್ಟು. ಒಂದಕ್ಕೆ ಒಂದು ಕೆಂಪು ಗೆರೆ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು.

“ಏನತ್ತೆ ಇದು? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ನೀವೇ ತಾನೆ ಬೈಯೋದು?” ಎಂದೆ.

“ಹೊಟ್ಟೆಯಿಂದ ಆಚೆ ಬಂದ್ಮ್ಯಾಲೆ ಹುಟ್ಟಿದಂಗೇ ಅಲ್ವೇನಮ್ಮ? ಹೆಸ್ರಿಲ್ದೆ ಆ ಚಳ್ಯಾಗೆ ಹೆಂಗ್ ಮಲಗ್ತವೆ? ಯಾರಾನ ಕರುದ್ರೆ ಓ ಅನ್ನಾದು ಬ್ಯಾಡವಾ?”

ಅವರ ತರ್ಕದಲ್ಲಿ ತಪ್ಪು ಹುಡುಕಲು ಹೋದರೆ ನನ್ನ ಪಾಠದಲ್ಲೇ ತಪ್ಪು ಸಿಗುವಂತಿತ್ತು. ಹೊರಗೆ ಬಂದಿರುವುದು ನಿಜ, ಜೀವವಿರುವುದೂ ನಿಜ. ಅತ್ತೆ ಬಗ್ಗಿ ಒಂದೊಂದು ಕಲ್ಲಿಗೂ ಏನೋ ಪಿಸುಗುಟ್ಟಿದರು. ಏನು ಹೆಸರಿಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಲ್ಲುಗಳು ದೇವರ ಗೂಡಿನ ಪಕ್ಕ ಒಂದು ಹಳೆಯ ಟವೆಲ್ಲಿನ ಮೇಲೆ ಮಲಗಿದವು.

ಎರಡು ತಿಂಗಳ ನಂತರ ಒಂದು ಭ್ರೂಣವನ್ನು ಕರಗಿಸಿ ನನ್ನೊಳಗೆ ಬಿಟ್ಟರು. ಹದಿನಾಲ್ಕು ದಿನದ ಮೇಲೆ ರಕ್ತ ಪರೀಕ್ಷೆ. ಆ ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಹೊಸ್ತಿಲ ಬಳಿ ಕೂತಿದ್ದಾರೆ, ದೇವರ ದೀಪ ಹಚ್ಚಿಲ್ಲ. ನಾನಿನ್ನೂ ಲ್ಯಾಬಿಗೆ ಹೊರಟಿರಲಿಲ್ಲ. ರಿಪೋರ್ಟು ಬಂದದ್ದು ಮಧ್ಯಾಹ್ನ, ನೆಗೆಟಿವ್. “ನಿಮಗೆ ಬೆಳಿಗ್ಗೆನೇ ಹೆಂಗ್ ಗೊತ್ತಾಯ್ತು?” ಎಂದು ಕೇಳಿದರೆ, “ದೊಡ್ಡದು ಹೋಯ್ತು ಅಂತ ಅನ್ನುಸ್ತು ಕಣಮ್ಮ” ಎಂದರು. ಮಾರನೆಯ ದಿನ ಒಂದು ಗೆರೆಯ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ತಮ್ಮ ಊರು ಹೊಳವನಹಳ್ಳಿಗೆ ಹೋದರು. ಅಲ್ಲಿ ನಮ್ಮ ಹೊಲದ ಬದುವಿನ ಹೊಂಗೆ ಮರದ ಕೆಳಗೆ ಗುಂಡಿ ತೋಡಿ ಕಲ್ಲನ್ನು ಮುಚ್ಚಿ, ಮೂರನೆಯ ದಿನ ಸತ್ತವರಿಗೆ ಬಿಡುವಂತೆ ಹಾಲು ತುಪ್ಪ ಬಿಟ್ಟು ಬಂದರು.

ಎರಡನೆಯದು ನಿಂತಿತು. ಏಳು ವಾರ ನಿಂತಿತು. ಸ್ಕ್ಯಾನಿನಲ್ಲಿ ಹೆಸರುಕಾಳಿನಷ್ಟು ಚಿಕ್ಕದೊಂದು ಮಿಣುಕುವುದನ್ನು ನಾನೂ ನನ್ನ ಗಂಡನೂ ನೋಡಿದೆವು. ಮುಂದಿನ ಸ್ಕ್ಯಾನಿಗೆ ಹೋದಾಗ ಅದು ಮಿಣುಕುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಅನ್ನುತ್ತಾರೆ. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಕೊರಟಗೆರೆ ಬರುವವರೆಗೂ ಅಳುತ್ತಲೇ ಇದ್ದೆ. ಮನೆಗೆ ಬಂದರೆ ದೀಪ ಹಚ್ಚಿರಲಿಲ್ಲ. ಈ ಸಲವೂ ನಾವು ಫೋನು ಮಾಡಿರಲಿಲ್ಲ. ಎರಡು ಗೆರೆಯ ಕಲ್ಲು ಹೊಂಗೆ ಮರದ ಕೆಳಗಿನ ಎರಡನೆಯ ಗುಂಡಿಗೆ ಹೋಯಿತು.

ಉಳಿದದ್ದು ಒಂದು. ನನಗಾಗ ಮೂವತ್ತೆಂಟು. ಇನ್ನೊಂದು ಸುತ್ತು ಸೂಜಿ ತೆಗೆದುಕೊಂಡರೆ ಒಳ್ಳೆಯ ಅಂಡಾಣು ಸಿಗುವ ಭರವಸೆ ಕಡಿಮೆ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ನಮ್ಮಿಬ್ಬರದೂ ಆದ ಮಗು ಬೇಕಿದ್ದರೆ ಇದ್ದದ್ದು ಆ ಒಂದೇ ಸ್ಟ್ರಾ. ಅದನ್ನು ತರಿಸಲು ನನಗೆ ಒಂದೂವರೆ ವರ್ಷ ಧೈರ್ಯ ಬರಲಿಲ್ಲ. ಅಲ್ಲಿರುವಷ್ಟು ದಿನ ಅದು ಇದೆ, ತಂದರೆ ಹೋಗಬಹುದು. ಪಾಠ ಮಾಡುತ್ತಾ ಮಾಡುತ್ತಾ ಮಾತು ನಿಂತು, ಆ ಬಿಳಿ ಹೊಗೆ ನೆನಪಿಗೆ ಬಂದು, ಅಲ್ಲಿ ಚಳಿಯಾಗುತ್ತಿರಬಹುದೇ ಎಂದು ಯೋಚಿಸುತ್ತಿದ್ದೆ. ಎಂಟು ಜೀವಕೋಶವೋ ನೂರು ಜೀವಕೋಶವೋ, ಅದಕ್ಕೆ ಚಳಿಯೆಂಬುದಿಲ್ಲ ಎಂದು ನನಗೇ ನಾನು ಹೇಳಿಕೊಳ್ಳಬೇಕಾಗುತ್ತಿತ್ತು.

ಅತ್ತೆ ಮಾತ್ರ ಮೂರು ಗೆರೆಯ ಕಲ್ಲನ್ನು ಸಾಕುತ್ತಿದ್ದರು. ಬೇರೆ ಮಾತು ಸಿಗುವುದಿಲ್ಲ, ಸಾಕುತ್ತಿದ್ದರು. ಶನಿವಾರ ಎಣ್ಣೆ ನೀರು, ಬಿಸಿಲಿಗೆ ಸ್ವಲ್ಪ ಹೊತ್ತು, ಆಮೇಲೆ ಸಾಂಬ್ರಾಣಿ ಹೊಗೆ. ಒಂದು ಮಧ್ಯಾಹ್ನ ಅವರು ಹಿತ್ತಲಲ್ಲಿದ್ದಾಗ ನಾನು ಕುತೂಹಲಕ್ಕೆ ಅದನ್ನು ಮುಟ್ಟಿದೆ. ಬೆಚ್ಚಗಿತ್ತು. ಆವತ್ತು ಅದನ್ನು ಬಿಸಿಲಿಗಿಟ್ಟಿರಲಿಲ್ಲ. ಅಡುಗೆಮನೆಯ ಗೋಡೆಗೆ ತಾಗಿ ಇಟ್ಟಿದ್ದರಿಂದ ಇರಬಹುದು ಎಂದುಕೊಂಡು ಕೈ ತೆಗೆದೆ. ಆ ಗೋಡೆಯನ್ನೂ ಮುಟ್ಟಿ ನೋಡೋಣ ಎಂದು ಮಾತ್ರ ನನಗೆ ಅನ್ನಿಸಲಿಲ್ಲ.

ಕೊನೆಗೆ ಮನಸ್ಸು ಗಟ್ಟಿ ಮಾಡಿ ಮತ್ತೆ ತುಮಕೂರಿಗೆ ಹೋದೆ. ಹಿಂದಿನ ಚಿಕಿತ್ಸೆಯ ವಿವರದ ಹಾಳೆ ಕೊಟ್ಟರು. ಓದುವ ಚಟದವಳು, ಬಸ್ಸಿನಲ್ಲಿ ಪೂರ್ತಿ ಓದಿದೆ. ಮೊದಲ ಸಲ ಕರಗಿಸಿದ್ದು ಮೂರನೆಯ ನಂಬರು. ಎರಡನೆಯ ಸಲ ಎರಡನೆಯದು. ಉಳಿದಿರುವುದು ಒಂದನೆಯ ನಂಬರು. ಲ್ಯಾಬಿಗೆ ಫೋನು ಮಾಡಿ ಕೇಳಿದೆ. ನಂಬರು ಬರೀ ಘನೀಕರಿಸಿದ ಕ್ರಮ, ಬಳಸುವಾಗ ಚೆನ್ನಾಗಿ ಬೆಳೆದದ್ದನ್ನು ಮೊದಲು ತೆಗೆಯುತ್ತೇವೆ ಎಂದಳು ಆ ಹುಡುಗಿ. ಸರಿಯಾದ ಕ್ರಮವೇ. ನಾನು ಹಾಳೆ ಮಡಿಚಿ ಚೀಲದಲ್ಲಿಟ್ಟೆ. ಇದು ಮನೆಯಲ್ಲಿ ಹೇಳುವ ವಿಷಯವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮತ್ತೆ ಮಾತ್ರೆಗಳು ಶುರುವಾಗಿದ್ದವು. ಆ ಮಾತ್ರೆಗಳಿಗೆ ನನ್ನ ಕೋಪ ಮೂಗಿನ ತುದಿಗೆ ಬರುತ್ತದೆ. ಅವಿಲ್ಲದೆಯೂ ಅಲ್ಲಿಂದ ಬಹಳ ದೂರವೇನೂ ಇರುವುದಿಲ್ಲ. ಒಂದು ಶನಿವಾರ ಗಂಡ ಬಂದು ಬಟ್ಟೆ ಬದಲಾಯಿಸುತ್ತಿದ್ದರು. ಅತ್ತೆ ಬಚ್ಚಲಲ್ಲಿ ಕೂತು ಕಲ್ಲಿಗೆ ನೀರು ಹೊಯ್ಯುತ್ತಾ, “ಇದನ್ನಾದ್ರೂ ಜ್ವಾಪಾನ ಮಾಡಮ್ಮ, ನೀನು ಮಹಡಿ ಹತ್ತಿ ಇಳಿದೇ ಅವೆರಡೂ ಹೋದ್ವು” ಎಂದರು. ನನಗೆ ತಡೆದುಕೊಳ್ಳಲಾಗಲಿಲ್ಲ.

“ಅತ್ತೆ, ನೀವು ಎರೀತಾ ಇರೋದು ಮೊದಲ್ನೇ ಸಲನೇ ಹೋಯ್ತು. ಬದುಕಿರೋದು ಒಂದನೇದು. ಅದನ್ನ ನೀವೇ ಹೂತು ಹಾಲು ತುಪ್ಪ ಬಿಟ್ಟು ಬಂದಿದೀರ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆಯ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಅವರು ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟು, ಸ್ವಲ್ಪ ಹಿಂದಕ್ಕೆ ಸರಿದು ಕೂತರು. ಎರಡು ವರ್ಷ ಮಡಿಲಲ್ಲಿಟ್ಟು ಒರೆಸಿದ್ದನ್ನು ಈಗ ಮುಟ್ಟಲು ಹೆದರುತ್ತಿದ್ದರು. ಹಾಳೆ ತಂದು ತೋರಿಸು ಎಂದರು. ಅವರಿಗೆ ಓದಲು ಬರುವುದಿಲ್ಲ, ಅಂಕಿ ಬರುತ್ತದೆ. ಒಂದು, ಎರಡು, ಮೂರು ಎಂದು ಬೆರಳಿಟ್ಟು ನೋಡಿದರು. ಆಮೇಲೆ ಮಗನನ್ನು ಕರೆದು ಹೇಳಿದರು: “ಬದುಕಿರೋರ್ಗೆ ಹಾಲು ತುಪ್ಪ ಬುಟ್ಟವ್ನಿ ಕಣ್ಲಾ. ಕಳ್ಸಿ ಕೊಟ್ಟಾಗೈತೆ ಅದನ್ನ. ಈಗ ಕರ್ಕೊಂಡ್ ಬಂದ್ರೆ ಸತ್ತಿದ್ದನ್ನ ಮನೆಗೆ ಕರ್ಕೊಂಡ್ ಬಂದಂಗೆ. ಬ್ಯಾಡ.”

ಹತ್ತು ವರ್ಷ ಮೊಮ್ಮಗುವಿಗಾಗಿ ಹರಕೆ ಹೊತ್ತವರು ಊಟ ಬಿಟ್ಟು ಬೇಡ ಬೇಡ ಎಂದು ಹಠ ಹಿಡಿದರು. ನನ್ನ ಗಂಡ ತಾಯಿಯ ಮಾತು ಮೀರಿದವರಲ್ಲ. “ಮುಂದಿನ್ ತಿಂಗ್ಳು ನೋಡೋಣ” ಎಂದರು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎನ್ನುತ್ತಾ ನನ್ನ ನಲವತ್ತು ದಾಟುತ್ತದೆ ಎಂದು ನಾನು ಕೂಗಾಡಿದೆ. ಇನ್ನೊಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಕೂಗಾಡುವಾಗಲೂ ನನಗೆ ಒಳಗೆ ಭಯವಿತ್ತು. ಅತ್ತೆಗೆ ಎರಡು ಸಲವೂ ಮುಂಚೆಯೇ ತಿಳಿದಿತ್ತಲ್ಲ. ಯಾವುದು ಹೋಯಿತು ಎನ್ನುವುದರಲ್ಲಿ ತಪ್ಪಿದ್ದರು, ಹೋಯಿತು ಎನ್ನುವುದರಲ್ಲಿ ಅಲ್ಲ.

ಆ ವಾರ ನನಗೆ ಕೊರಟಗೆರೆಯಲ್ಲಿ ಎರಡು ದಿನ ಟ್ರೈನಿಂಗ್ ಇತ್ತು. ಹೋಗಿ ಕೂತು ಬಂದೆ, ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಅತ್ತೆ ಒಂದು ದಾರಿ ಕಂಡುಕೊಂಡಿದ್ದರು. ಹೂತ ಕಲ್ಲನ್ನು ಮೇಲೆ ತೆಗೆಯಬೇಕು, ತೊಳೆದು ಮತ್ತೆ ಜೋಲಿಗೆ ಹಾಕಬೇಕು, ಹೊಸದಾಗಿ ಹೆಸರಿಡಬೇಕು. ಮೂರು ಗೆರೆಯದನ್ನು ಅದರ ಜಾಗಕ್ಕೆ ಮಲಗಿಸಬೇಕು. ಆಗ ನೋಡೋಣ ಎಂದರು. ತಮ್ಮ ಕೈಯಿಂದ ತೋಡಲು ಮಾತ್ರ ಒಲ್ಲೆ ಎಂದು, ಗುರುತು ಹೇಳಿ ಮಗನನ್ನು ಕಳಿಸಿದರು. ಹೊಂಗೆ ಮರದ ಬೇರು ಕವಲೊಡೆದ ಕಡೆ ಮೊದಲನೆಯದು, ಅಲ್ಲಿಂದ ಎರಡು ಗೇಣು ಪೂರ್ವಕ್ಕೆ ಎರಡನೆಯದು.

ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋದವರು ಹನ್ನೊಂದು ಗಂಟೆಗೆ ವಾಪಸ್ ಬಂದರು. ಬರಿಗೈ. ಉಗುರಲ್ಲಿ ಮಣ್ಣು. “ಎರಡ್ನೇದು ಐತೆ. ಮೂರ್ನೇದನ್ನ ಅದರ ಪಕ್ಕ ಇಟ್ಟು ಮುಚ್ಚಿದೆ. ಮೊದಲ್ನೇ ಗುಂಡಿಲಿ ಏನೂ ಇಲ್ಲಮ್ಮ. ಮೊಣಕೈ ಮಟ ತೋಡಿದೆ, ಸುತ್ತಲೂ ತೋಡಿದೆ. ಮಣ್ಣು ಮೆತ್ತಗೈತೆ, ಕಲ್ಲಿಲ್ಲ.”

ನಾನು ಹೆಗ್ಗಣ ಎಂದೆ, ನಾಯಿ ಎಂದೆ. ಆ ಕಲ್ಲು ತೆಂಗಿನಕಾಯಿಯಷ್ಟು ದಪ್ಪ. ಯಾವ ಹೆಗ್ಗಣ ಹೊತ್ತೊಯ್ದೀತು ಎಂದು ಯಾರೂ ಕೇಳಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತರು. ಅವರ ಮುಖದಲ್ಲಿ ಭಯ ಇಳಿಯುತ್ತಾ ಹೋದದ್ದನ್ನು ನಾನು ನೋಡಿದೆ.

“ಎದ್ದು ಹೊಂಟೈತೆ” ಎಂದರು. “ಹೊಂಟಿರಾದನ್ನ ಇನ್ನು ತಡೀಬಾರ್ದು. ನಾಳೇನೆ ಹೋಗಿ ಕರ್ಕೊಂಡ್ ಬಾ ತಾಯಿ.”

ನನಗೆ ಗಂಡನ ಮೇಲೆ ಪ್ರೀತಿ ಉಕ್ಕಿ ಬಂತು. ಎಂದೂ ತಾಯಿಗೆ ಸುಳ್ಳು ಹೇಳದ ಮನುಷ್ಯ, ಕಲ್ಲನ್ನು ಹೊಳೆಗೆ ಎಸೆದು ಬಂದು ಇಂಥದೊಂದು ಮಾತು ಹೊಸೆದಿದ್ದಾರಲ್ಲ ಎಂದುಕೊಂಡೆ. ಕಣ್ಣಲ್ಲೇ ಕೇಳಿದೆ. ಅವರೂ ನನ್ನನ್ನೇ ನೋಡುತ್ತಿದ್ದರು, ಸಣ್ಣಗೆ ನಕ್ಕರು. ನಾನೂ ನಕ್ಕೆ. ಅದರ ಬಗ್ಗೆ ಆಮೇಲೆ ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಅತ್ತೆಯ ಕಿವಿಗೆ ಬೀಳಬಹುದೆಂದು ನಾನು ಹೆದರಿದ್ದೆ.

ಒಂದನೆಯ ನಂಬರು ನಿಂತಿತು. ಏಳು ವಾರ ದಾಟಿತು, ಹನ್ನೆರಡು ದಾಟಿತು. ಒಂಬತ್ತು ತಿಂಗಳೂ ನಾನು ಒಂದು ದಿನವೂ ನೆಮ್ಮದಿಯಾಗಿ ಮಲಗಲಿಲ್ಲ, ಆದರೂ ಮಗ ಹುಟ್ಟಿದ. ಹೆಸರಿಡುವ ದಿನ ಗುಂಡುಕಲ್ಲಿಲ್ಲದೆಯೇ ಅವನನ್ನು ತೊಟ್ಟಿಲಿಗೆ ಹಾಕಿಸಿದರು ಅತ್ತೆ. ಹಳೆಯ ಹೆಸರು ಬೇಡ, ಬೇರೆ ಹುಡುಕು ಎಂದರು. ಅವನನ್ನು ಎತ್ತಿಕೊಂಡ ಮೇಲೆ ಅವರಿಗೆ ಕಲ್ಲು, ಗುಂಡಿ, ಹಾಲು ತುಪ್ಪ ಎಲ್ಲ ಮರೆತೇಹೋಯಿತು. ಈಗ ಅವನಿಗೆ ನಾಲ್ಕು ವರ್ಷ, ಎಲ್‌ಕೆಜಿ. ಅಜ್ಜಿಯ ಹೆಗಲ ಮೇಲೆ ಕೂತು ಶಾಲೆಗೆ ಹೋಗುತ್ತಾನೆ. ಓದಿದವಳು ನಾನು, ಅವರ ಸರಳ ಮರೆವನ್ನು ಕಂಡು ಹೊಟ್ಟೆಕಿಚ್ಚುಪಡುತ್ತೇನೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಮಗ ನಡುಮನೆಯಲ್ಲಿ ಮಲಗಿದ್ದ. ಅತ್ತೆ ಪಕ್ಕದ ಬೀದಿಗೆ ಹೋಗಿದ್ದರು. ನಾನೂ ಗಂಡನೂ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು. ಯಾರೂ ಇಲ್ಲವಲ್ಲ ಎಂದು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮೆಚ್ಚುಗೆಯನ್ನು ಹೇಳಿಬಿಟ್ಟೆ.

“ಆವತ್ತು ಗುಂಡಿ ಖಾಲಿ ಅಂತ ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ರಿ. ನೀವು ಹಾಗನ್ನದೆ ಇದ್ದಿದ್ರೆ ಇವನಿರ್ತಿರಲಿಲ್ಲ.”

ಅವರು ಸುಲಿಯುವುದನ್ನು ನಿಲ್ಲಿಸಿದರು. “ಸುಳ್ಳೇನು? ಖಾಲಿನೇ ಇತ್ತು. ನೀನು ಕೊರಟಗೆರೆ ಟ್ರೈನಿಂಗ್‌ಗೆ ಹೋದಾಗ ಹೊಳವನಹಳ್ಳಿಗೂ ಹೋಗಿ ತೆಗೆದಿದೀಯ ಅಂದ್ಕೊಂಡಿದ್ದೆ. ಅದ್ಕೇ ನಿನ್ ನೋಡಿ ನಕ್ಕಿದ್ದು.”

ನಾನು ಆಗ ಹೊಳವನಹಳ್ಳಿಗೆ ಹೋಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಇಬ್ಬರೂ ಒಟ್ಟಿಗೆ ಬಾಗಿಲಿನ ಕಡೆ ತಿರುಗಿ ನೋಡಿದೆವು. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ನಾನು ಎದ್ದು ಹೋಗಿ ಮಗನ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ಬಂತು. ಅದು ಸಾಲದೆಂದು ಇನ್ನೊಂದಕ್ಕೆ ಕಾದೆ, ಅದೂ ಬಂತು. ಹದಿನೈದು ವರ್ಷದಿಂದ ಉಸಿರಾಟದ ಪಾಠ ಮಾಡುತ್ತಿರುವವಳು ನಾನು. ಆವತ್ತಿನಿಂದ ಅವನು ಮಲಗಿದಾಗಲೆಲ್ಲ ಹೀಗೆ ಮಾಡುತ್ತೇನೆ. ಅತ್ತೆ ನೋಡಿದರೆ, “ಓದ್ದೋಳು ಇಂಗೆಲ್ಲಾ ಹೆದ್ರುತಾರೇನಮ್ಮ” ಎಂದು ನಗುತ್ತಾ ಅವನಿಗೆ ಹೊದಿಕೆ ಸರಿಮಾಡುತ್ತಾರೆ.